ಮಕ್ಕಳ ಮೇಲೆ ಸಿಟ್ಟೂ ಬರ್ತಿಲ್ಲ, ಪ್ರೀತಿನೂ ಬರ್ತಿಲ್ಲ. ಇದಕ್ಕೆ ಎಂತ ಹೇಳೋದು?

ಹಂಡೆಒಲೆ (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಹೊಸನಗರ ಪೇಟೆಯಿಂದ ಸುಮಾರು ಒಳಗೆ ನಮ್ಮ ಮನೆ. ಮಗಳು ಮೂರನೇ ಕ್ಲಾಸು, ಮಗನಿಗೆ ಮೂರೂವರೆ ವರ್ಷ. ಎರಡು ಎಕರೆ ತೋಟ, ಎರಡು ದನ, ಮಂಡಿನೋವಿನ ಅತ್ತೆ. ಮನೆಯವರು ಒಳ್ಳೆಯವರೇ. ಅದನ್ನ ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ರೆ ಎಲ್ಲರೂ ಅವರನ್ನೇ ಬೈಯೋಕೆ ಶುರು ಮಾಡ್ತೀರಿ.

ಮಳೆ ಹಿಡಿದಾಗಿಂದ ನನಗೆ ಎಂತದೋ ಆಗಿದೆ. ಬೆಳಿಗ್ಗೆ ಐದಕ್ಕೆ ಎಚ್ಚರ ಆಗುತ್ತೆ, ಕಾಲು ನೆಲಕ್ಕಿಡೋಕೆ ಮನಸ್ಸಿಲ್ಲ. ಮಗಳಿಗೆ ಯೂನಿಫಾರ್ಮು ಎರಡೇ ಜೊತೆ. ಜುಲೈನಲ್ಲಿ ನಮ್ಮ ಕಡೆ ಬಟ್ಟೆ ಒಣಗಿಸೋದು ಗೊತ್ತಲ್ಲ, ಬಚ್ಚಲ ಒಲೆ ಮೇಲೆ ಗಳ ಕಟ್ಟಿ ಹರವಿ, ರಾತ್ರಿ ಮಧ್ಯೆ ಎದ್ದು ಮಗುಚಿ ಹಾಕಬೇಕು. ಮೊನ್ನೆ ಹಾಗೆ ಎದ್ದವಳು ಲಂಗದ ಸೊಂಟದ ಪಟ್ಟಿ ಮುಟ್ಟಿ ನೋಡಿದೆ, ಇನ್ನೂ ತಣ್ಣಗಿತ್ತು. ಅಲ್ಲೇ ಬಚ್ಚಲಲ್ಲಿ ಕೂತುಬಿಟ್ಟೆ. ಅಳು ಬರುತ್ತೆ ಅಂದ್ಕೊಂಡೆ, ಬರ್ಲಿಲ್ಲ. ಹೊಗೆಗೆ ಕಣ್ಣು ಉರಿಯೋವರೆಗೆ ಸುಮ್ಮನೆ ಕೂತಿದ್ದೆ.

ಹೆದರಿಕೆ ಆಗಿದ್ದು ಅದಕ್ಕಲ್ಲ. ಮಗಳು ಶಾಲೆ ಕಥೆ ಹೇಳ್ತಾ ಇದ್ದವಳು ಅರ್ಧಕ್ಕೆ ನಿಲ್ಲಿಸಿ, “ಅಮ್ಮಾ, ನೀನು ಎಲ್ಲದಕ್ಕೂ ಹ್ಞೂಂ ಅಂತೀಯ. ಮನೆ ಮಾಡು ಬಿತ್ತು ಅಂದ್ರೂ ಹ್ಞೂಂ ಅಂತೀಯ” ಅಂದ್ಲು. ಅದಕ್ಕೂ ನಾನು ಹ್ಞೂಂ ಅಂದೆ.

ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಂದೆ. ಅಲ್ಲಿ ಮಲಗಿದ್ರೂ ತಲೆಯೊಳಗೆ ಇದೇ: ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯೋರಿಗೆ ಹತ್ತು ಗಂಟೆ ಕಾಫಿ ಯಾರು ಕೊಟ್ರು, ಹಾಲಿಗೆ ಹೆಪ್ಪು ಹಾಕಿದ್ರಾ. ವಾಪಸ್ ಬಂದ ಮಾರನೇ ದಿನಕ್ಕೇ ಮತ್ತೆ ಹಾಗೇ. ಇದು ಬರ್ನ್‌ಔಟ್, ದುಡಿದು ದುಡಿದು ಒಳಗೇ ಬತ್ತಿಹೋಗೋದು, ಅಂತ ಫೋನಲ್ಲಿ ಓದಿದೆ. ಅದು ಆಫೀಸಿಗೆ ಹೋಗೋರಿಗೆ ಬರೋದಲ್ವಾ? ಯಾರಿಗಾದ್ರೂ ಹೀಗಾಗಿ ಸರಿಹೋಗಿದ್ಯಾ?

ಕೆಳದಿರಸ್ತೆ (ಸಾಗರ)

ತಂಗೀ, ನನಗೆ ಹೀಗಾಗಿದ್ದು ಚಿಕ್ಕವನು ಅಂಗನವಾಡಿಗೆ ಹೋಗೋ ಹೊತ್ತಿಗೆ. ನಾನೂ ತವರಿಗೆ ಹೋಗಿದ್ದೆ, ಹೋದ ಹಾಗೇ ಬಂದಿದ್ದೆ. ಮೈ ತವರಲ್ಲಿ, ಲೆಕ್ಕ ಮನೆಯಲ್ಲಿ.

ನಮ್ಮನೆಯವರೂ ಒಳ್ಳೆಯವರೇ ಮಾರಾಯ್ತಿ. “ಎಂತ ಮಾಡ್ಬೇಕು ಹೇಳು, ಮಾಡ್ತೀನಿ” ಅಂತಿದ್ರು. ಆ “ಹೇಳು” ಅನ್ನೋದೇ ನನ್ನ ಪ್ರಾಣ ಹಿಂಡಿದ್ದು. ಬೇಳೆ ತರೋರು ಅವರು, ಬೇಳೆ ಮುಗೀತಾ ಬಂತು ಅಂತ ನೆನಪಿಡೋಳು ನಾನು. ಕೊನೆಗೊಂದಿನ ಮನೆ ಸಾಮಾನು ಪೂರ್ತಿ ಅವರಿಗೇ ಬಿಟ್ಟೆ. ಡಬ್ಬ ತೆಗೆದು ನೋಡೋದು, ಚೀಟಿ ಬರೆಯೋದು, ತರೋದು, ಮುಗಿದ್ರೆ ಅತ್ತೆಗೆ ಉತ್ತರ ಕೊಡೋದು, ಎಲ್ಲ. ಒಂದು ಸಲ ಎಣ್ಣೆ ಖಾಲಿಯಾಗಿ ಒಗ್ಗರಣೆ ಇಲ್ಲದ ಸಾರು ಉಂಡಿದ್ದೂ ಆಯ್ತು. ನಾನು ನೆನಪಿಸ್ಲಿಲ್ಲ. ನೆನಪಿಸಿದ್ರೆ ಕೆಲಸ ವಾಪಸ್ ನನ್ನ ಮಡಿಲಿಗೇ ಬಂದು ಬೀಳುತ್ತೆ.

ಒಂದೇ ಕೆಲಸ ಬಿಡು, ಆದ್ರೆ ಬೇರು ಸಮೇತ ಬಿಡು. ನನಗೆ ಪೂರ್ತಿ ಸುಧಾರಿಸೋಕೆ ಹತ್ತಿರ ಹತ್ತಿರ ಒಂದು ವರ್ಷ ಹಿಡೀತು.

ತೋಟದಮನೆ

ನಮ್ಮಮ್ಮ ಆರು ಮಕ್ಕಳನ್ನ ಸಾಕಿದ್ರು, ಯಾವ ಔಟೂ ಆಗ್ಲಿಲ್ಲ. ಮೊಬೈಲ್ ಬದಿಗಿಟ್ರೆ ಅರ್ಧ ಸರಿಹೋಗುತ್ತೆ.

ಕೆಳದಿರಸ್ತೆ (ಸಾಗರ)

@ತೋಟದಮನೆ ಅಮ್ಮನ ಹತ್ರ ಕೇಳಿದ್ರಾ? ಆ ಆರು ಮಕ್ಕಳನ್ನ ಎತ್ತಿಕೊಳ್ಳೋಕೆ ಅಜ್ಜಿ, ದೊಡ್ಡಮ್ಮ, ಮದುವೆಯಾಗದ ಅತ್ತೆ ಅಂತ ಮನೆ ತುಂಬ ಜನ ಇದ್ರು. ಈಗ ಬೆಂಗಳೂರಿಗೆ ಹೋದವರು ಹೋಗಿ ಮನೆಗೊಬ್ಬಳು ಹೆಂಗಸು ಉಳಿದಿದ್ದಾಳೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಮಾಡ್ತಾರೆ, ಗಂಡಸರು 97. ಅದೂ ಅಷ್ಟಿಷ್ಟು ಮಾಡೋ ಗಂಡಸರ ಲೆಕ್ಕ, ಮಾಡದೇ ಇರೋರು ಅದರಲ್ಲಿ ಇಲ್ಲ.

ಸಿಸ್ಟರ್ (ತೀರ್ಥಹಳ್ಳಿ)

ನಾನು ನರ್ಸು. ಆಫೀಸಿನ ವಿಷಯ ಕೇಳಿದ್ರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐಸಿಡಿ-11ಕ್ಕೆ, ಅಂದ್ರೆ ಕಾಯಿಲೆಗಳನ್ನ ವರ್ಗ ಮಾಡೋ ತನ್ನ ಪಟ್ಟಿಗೆ, ಒಪ್ಪಿಗೆ ಕೊಟ್ಟಾಗ ಬರ್ನ್‌ಔಟ್ ಅನ್ನೋದನ್ನ ಉದ್ಯೋಗಕ್ಕೆ ಮಾತ್ರ ಸೇರಿಸಿ ಬರೀತು, ಅದೂ ಕಾಯಿಲೆ ಅಂತಲ್ಲ. ಕೊಟ್ಟಿಗೆ, ಒಲೆ, ಮಕ್ಕಳು ಅದರಲ್ಲಿ ಬರಲ್ಲ. ಆದ್ರೆ ಬೆಲ್ಜಿಯಂನ ಇಸಾಬೆಲ್ ರೋಸ್ಕಾಂ, ಮೊಯಿರಾ ಮಿಕೊಲಾಯ್ಚಾಕ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಪ್ಪ-ಅಮ್ಮಂದಿರ ಬರ್ನ್‌ಔಟನ್ನೇ ಅಭ್ಯಾಸ ಮಾಡಿ 23 ಪ್ರಶ್ನೆಗಳ ಪಟ್ಟಿ ಮಾಡಿದ್ದಾರೆ. ಅವರು ನೋಡೋದು ಮಕ್ಕಳನ್ನ ನೋಡ್ಕೊಳ್ಳೋದರಲ್ಲೇ ಸುಸ್ತು, ಮೊದಲಿನ ಅಮ್ಮ ನಾನಲ್ಲ ಅನ್ನೋ ಭಾವನೆ, ಮಕ್ಕಳ ಜೊತೆ ಇರೋದು ಸಾಕಪ್ಪಾ ಅನ್ನಿಸೋದು, ಕೆಲಸ ನಡೀತಿದ್ರೂ ಮನಸ್ಸು ಮಕ್ಕಳಿಂದ ದೂರ ಹೋಗೋದು. ನಿಮ್ಮ “ಹ್ಞೂಂ” ಈ ಕೊನೇದಕ್ಕೇ ಸೇರಿದ್ದು ಅಂತ ನನಗನ್ನಿಸುತ್ತೆ.

ಆದ್ರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ರೆ ಅದು ರಕ್ತಹೀನತೆ. ಥೈರಾಯ್ಡೂ ನೋಡಿಸಿ. ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಿ ಮೈಯನ್ನ ಮರೆಯೋರನ್ನ ದಿನಾ ನೋಡ್ತೀನಿ. ಇನ್ನೊಂದು, ಮಕ್ಕಳು-ಮನೆ ಬಿಟ್ಟು ಬೇರೆ ಯಾವುದಕ್ಕಾದ್ರೂ ಮನಸ್ಸು ಅರಳುತ್ತಾ? ಯಾವುದಕ್ಕೂ ಇಲ್ಲ ಅಂದ್ರೆ ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಬೇರೆ. ಸಾಯೋ ಯೋಚನೆ, ಮಕ್ಕಳಿಗೆ ಎಂತದಾದ್ರೂ ಮಾಡಿಬಿಡ್ತೀನೇನೋ ಅನ್ನೋ ಭಯ ಬಂದ್ರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ರಾತ್ರಿನೂ ತಗೋತಾರೆ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ.

ಹಂಡೆಒಲೆ (ಹೊಸನಗರ ತಾಲ್ಲೂಕು)

ಮೂರು ವಾರ ಆದ್ಮೇಲೆ ಬರೀತಿದ್ದೀನಿ, ಕರೆಂಟೂ ಇರ್ಲಿಲ್ಲ, ಟವರೂ ಇರ್ಲಿಲ್ಲ.

ರಕ್ತ ಪರೀಕ್ಷೆ ಮಾಡಿಸಿದೆ. ನಮ್ಮ ದಾರಿಗೆ ಓಡೋದು ಖಾಸಗಿ ಬಸ್ಸೇ, ಶಕ್ತಿ ಯೋಜನೆ ಅದರಲ್ಲಿ ನಡೆಯಲ್ಲ, ಅದಕ್ಕೇ ಇಷ್ಟು ದಿನ ಮುಂದೂಡಿದ್ದೆ ಅಂತ ಕಾಣುತ್ತೆ. ಹಿಮೋಗ್ಲೋಬಿನ್ 8.9. ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ಜೊತೆಗೆ ಕಾಫಿ ಕುಡೀಬಾರ್ದಂತೆ. ಮಲೆನಾಡಲ್ಲಿ ಹುಟ್ಟಿದವಳಿಗೆ ಇದು ಎಂತಾ ಶಿಕ್ಷೆ ಸಿಸ್ಟರ್! 14416ಕ್ಕೂ ಫೋನ್ ಮಾಡಿದೆ, ಕೊಟ್ಟಿಗೆ ಹಿಂದೆ ನಿಂತು. ಆ ಕಡೆಯವರು ಗಡಿಬಿಡಿ ಮಾಡ್ಲಿಲ್ಲ. ಮುಂದಿನ ವಾರ ಮತ್ತೆ ಮಾಡ್ತೀನಿ.

ಕೆಳದಿರಸ್ತೆ ಅಕ್ಕ, ನಾನು ಬಿಟ್ಟಿದ್ದು ಹೆಪ್ಪು. ಹಾಲು ಕಾಸೋದು, ಉಗುರು ಬೆಚ್ಚಗಾಗೋವರೆಗೆ ಕಾಯೋದು, ಹೆಪ್ಪು ಹಾಕಿ ಒಲೆಕಟ್ಟೆ ಮೇಲೆ ಬಟ್ಟೆ ಸುತ್ತಿಡೋದು, ಎಲ್ಲ ಇವರದ್ದು. ಮೊದಲನೇ ರಾತ್ರಿನೇ ಮರೆತು ಮಲಗಿದ್ರು. ನನಗೆ ಗೊತ್ತಾಯ್ತು. ಎದ್ದು ಚಾಪೆ ಮೇಲೆ ಕೂತೆ, ಅಡುಗೆಮನೆ ಬಾಗಿಲು ನೋಡ್ದೆ, ಮತ್ತೆ ಮಲಗಿದೆ. ನಿದ್ದೆ ಬರೋಕೆ ಒಂದು ಗಂಟೆ ಬೇಕಾಯ್ತು, ಅದು ಬೇರೆ ಮಾತು.

ಮಗಳ ಕಥೆ ಇನ್ನೂ ಪೂರ್ತಿ ಕೇಳೋಕೆ ಆಗ್ತಿಲ್ಲ. ಮೊನ್ನೆ ಅರ್ಧ ಕೇಳಿ, “ಉಳಿದಿದ್ದು ನಾಳೆ ಹೇಳು ಪುಟ್ಟಿ, ಈಗ ತಲೆಗೆ ಹೋಗ್ತಿಲ್ಲ” ಅಂದೆ. ಮಾರನೇ ದಿನ ಅವಳೇ ನೆನಪಿಸಿದ್ಲು.

ಹೆಪ್ಪು ಮರೆತ ಮಾರನೇ ಬೆಳಿಗ್ಗೆ ನೋಡಿದ್ರೆ ಹಾಲು ಹಾಲಾಗೇ ಕೂತಿತ್ತು. ಮಧ್ಯಾಹ್ನ ಮಜ್ಜಿಗೆ ಇಲ್ಲದ ಊಟ. ಅತ್ತೆ ತಮ್ಮ ಮಗನ ಮುಖ ಒಂದ್ಸಲ ನೋಡಿದ್ರು, ನನ್ನ ಮುಖ ಒಂದ್ಸಲ ನೋಡಿದ್ರು, ಮಾತಾಡದೆ ಉಪ್ಪಿನಕಾಯಿ ಭರಣಿ ಇವರ ಮುಂದೆ ಸರಿಸಿದ್ರು.