2ನೇ ಕ್ರಾಸಲ್ಲಿ ಮೂರನೇ ಡೆಂಗಿ: ಏನು ಮಾಡೋಣ?

(ಬೆಂಗಳೂರಿನ ಒಂದು ಬೀದಿಯವರ ಗ್ರೂಪ್ ಚಾಟ್, ಸೆಪ್ಟೆಂಬರ್ 10, 2024)

ಮನೆ 14: ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೂ ಡೆಂಗಿ ಅಂತ ನಿನ್ನೆ ರಾತ್ರಿ ರಿಪೋರ್ಟ್ ಬಂತು. 9ನೇ ಮನೆ ಅಜ್ಜಿ, 22ನೇ ಮನೆ ಹುಡುಗ ಆದ ಮೇಲೆ ಇದು ಮೂರನೆಯದು. ಸದ್ಯ ಮನೆಯಲ್ಲೇ ಇದ್ದಾಳೆ, ಗಾಬರಿ ಏನಿಲ್ಲ. ಆದರೆ ಸುಮ್ನೆ ಕೂರುವುದು ಬೇಡ ಅನ್ನಿಸಿತು.

ಮನೆ 3: ಅಯ್ಯೋ, ಹುಷಾರು ಮೇಡಂ. ಫಾಗಿಂಗ್ ಗಾಡಿ ಈ ಕಡೆ ತಲೆ ಹಾಕಿ ಎಷ್ಟು ತಿಂಗಳಾಯಿತು? ಎಲ್ಲರೂ ಸೇರಿ ಅರ್ಜಿ ಕೊಡೋಣ.

ಮನೆ 27: ಕೊಡಿ, ನಾನೂ ಸಹಿ ಹಾಕುತ್ತೇನೆ. ಆದರೆ ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ. ನೀರಲ್ಲಿರುವ ಹುಳಕ್ಕೆ ಏನೂ ಆಗುವುದಿಲ್ಲ. ವಾರ, ಹತ್ತು ದಿನದಲ್ಲಿ ಅವೂ ಹಾರುತ್ತವೆ. ಲ್ಯಾಬಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು, ಅದಕ್ಕೇ ಮೂಗು ತೂರಿಸುತ್ತಿದ್ದೇನೆ. ಡೆಂಗಿ ತರುವ ಈಡಿಸ್ ಸೊಳ್ಳೆಗೆ ಮೋರಿ ನೀರಿಗಿಂತ ತಿಳಿನೀರೇ ಇಷ್ಟ. ಕಚ್ಚುವುದು ಹಗಲಲ್ಲಿ. ಹುಟ್ಟಿದ ಜಾಗದಿಂದ ಜಾಸ್ತಿ ದೂರ ಹೋಗುವುದೂ ಇಲ್ಲ. ಬಹುಶಃ ನಾವೇ ಸಾಕಿದ ಸೊಳ್ಳೆ ಇದು.

ಮನೆ 3: ನಮ್ಮ ಮನೆ ಕ್ಲೀನಾಗಿದೆ ಸರ್. ಮೊದಲು ಆ ಕಟ್ಟಡ ಕಟ್ಟುತ್ತಿರುವ ಸೈಟ್ ನೋಡಿ.

ಮನೆ 27: ಅದನ್ನೂ ನೋಡೋಣ. ಆದರೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತೆ ಅಂತ ಎಲ್ಲರೂ ಡ್ರಮ್ಮಲ್ಲಿ ಹಿಡಿದಿಟ್ಟಿದ್ದೇವೆ, ಅಲ್ವಾ? ಮೊನ್ನೆ ಗಣಪನನ್ನು ಬಕೆಟ್ಟಲ್ಲಿ ಬಿಟ್ಟವರು ಆ ನೀರು ಗಿಡಕ್ಕೆ ಹಾಕಿದಿರಾ?

ಮನೆ 6: ಇಲ್ಲ ಸರ್. ಹಿತ್ತಲಲ್ಲೇ ಇದೆ. ಈಗಲೇ ಹೋದೆ.

ಮನೆ 3: ಸರ್, ಟಾರ್ಚ್ ಹಿಡಿದು ನೋಡಿದೆ. ಡ್ರಮ್ಮಲ್ಲಿ ಏನಿಲ್ಲ. ಆದರೆ ಫ್ರಿಜ್ ಹಿಂದೆ ಒಂದು ಟ್ರೇ ಇದೆ ನೋಡಿ, ಅದರ ನೀರನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ. ಹತ್ತು ಹನ್ನೆರಡು ಹುಳ, ಮೈ ಬಳುಕಿಸುತ್ತಾ ಮೇಲೆ ಕೆಳಗೆ ಓಡಾಡುತ್ತಿವೆ. ಬೆಳಕು ಬಿಟ್ಟರೆ ಬುಡಕ್ಕೆ ಇಳಿಯುತ್ತವೆ. ಹನ್ನೊಂದು ವರ್ಷದ ಫ್ರಿಜ್, ಟ್ರೇ ಇದೆ ಅಂತಲೇ ಗೊತ್ತಿರಲಿಲ್ಲ. ಆ ಲೋಟದಲ್ಲಿ ಇನ್ನು ಕಾಫಿ ಕೊಡಬೇಡಿ ಅಂತ ನಮ್ಮನೆಯವರು.

ಮನೆ 27: ನೋಡಿದಿರಲ್ಲ, ಅದೇ ದೊಡ್ಡದು. ನೀರನ್ನು ಒಣ ಮಣ್ಣಿನ ಮೇಲೆ ಚೆಲ್ಲಿ. ಟ್ರೇ ಒಳಗೆ ಬ್ರಷ್ ಹಾಕಿ ಉಜ್ಜಿ. ಮೊಟ್ಟೆ ಅಂಚಿಗೆ ಅಂಟಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ.

ಮನೆ 18: ಶುಕ್ರವಾರ ಬೆಳಿಗ್ಗೆ 7ಕ್ಕೆ ಮನೆ ಮನೆಗೂ ಹೋಗೋಣವೇ? ನಾನು ಪಟ್ಟಿ ಬರೆದುಕೊಳ್ಳುತ್ತೇನೆ. ಆಶಾ ಕಾರ್ಯಕರ್ತೆ ಅಕ್ಕನೂ ಬರುತ್ತೇನೆ ಅಂದಿದ್ದಾರೆ. ಈಗ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿದೆ. ಸೊಳ್ಳೆ ಹುಟ್ಟಲು ಬಿಟ್ಟರೆ ನಗರದ ಮನೆಗೆ 400 ರೂಪಾಯಿ ದಂಡ, ಕಟ್ಟಡ ಕೆಲಸದ ಜಾಗಕ್ಕೆ 2000.

ಮನೆ 11: ಆ ಸೈಟಿನ ಶೆಡ್ಡಿನವರನ್ನು ಮೊದಲು ಖಾಲಿ ಮಾಡಿಸಿ. ಎಲ್ಲ ಶುರುವಾಗಿದ್ದೇ ಅಲ್ಲಿಂದ.

ಮನೆ 18: ಅಂಕಲ್, ನಾನು ಸಂಜೆ ಹೋಗಿ ಬಂದೆ. ರಾಯಚೂರು ಕಡೆಯವರು, ಪುಟ್ಟ ಮಗು ಇದೆ. ಅವರ ಹತ್ತಿರ ಇರುವುದು ಒಂದು ಡ್ರಮ್, ಮುಚ್ಚಳ ಇಲ್ಲ. ಹುಳ ಇರುವುದು ಕಾಂಕ್ರೀಟ್ ಕ್ಯೂರಿಂಗಿಗೆ (ಗಟ್ಟಿಯಾಗಲು) ನೀರು ನಿಲ್ಲಿಸಿದ ತೊಟ್ಟಿಯಲ್ಲಿ, ಲಿಫ್ಟ್ ಗುಂಡಿಯಲ್ಲಿ. ಅದು ಓನರ್ ಕೆಲಸ. ಅಮ್ಮನ ಹಳೆ ಕಾಟನ್ ಸೀರೆ ಎರಡು ಮಡಿಕೆ ಮಾಡಿ ಡ್ರಮ್ ಬಾಯಿಗೆ ಸೈಕಲ್ ಟ್ಯೂಬಲ್ಲಿ ಬಿಗಿದು ಬಂದೆ. ಇನ್ನೂ ಸೀರೆ ಬೇಕು, ಯಾರಾದರೂ ಕೊಡಿ.

ಮನೆ 11: ಸರಿಯಮ್ಮ. ಓನರ್ ನನಗೆ ಪರಿಚಯ, ನಾನು ಮಾತಾಡುತ್ತೇನೆ.

ಮನೆ 22: ಇನ್ನೊಂದು ವಿಷಯ. ಟೆಸ್ಟಿಗೆ ನಮ್ಮಿಂದ ಒಂದು ಲ್ಯಾಬ್ 900 ತೆಗೆದುಕೊಂಡಿತು. ಆಮೇಲೆ ಗೊತ್ತಾಯಿತು, ಎಲಿಸಾ ಎನ್‌ಎಸ್‌1 ಅನ್ನುವ ಡೆಂಗಿ ರಕ್ತ ಪರೀಕ್ಷೆಗೆ ಸರ್ಕಾರ ಜುಲೈಯಲ್ಲೇ 300 ಅಂತ ನಿಗದಿ ಮಾಡಿದೆ. ಕೇಳಿ ಕೊಡಿ.

ಮನೆ 6: ಪಪ್ಪಾಯ ಎಲೆ ರಸ ಕೊಡಿ ಮೇಡಂ, ಪ್ಲೇಟ್‌ಲೆಟ್ ಏರುತ್ತೆ.

ಮನೆ 27: ಅದನ್ನೇ ನಂಬಿ ಕೂರಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಡಾಕ್ಟರ್ ಹೇಳಿದಷ್ಟು. ಬ್ರೂಫೆನ್, ಆಸ್ಪಿರಿನ್ ಬೇಡ. ಎಳನೀರು, ಗಂಜಿ, ಮಜ್ಜಿಗೆ ಕೊಡುತ್ತಿರಿ. ಹಗಲಲ್ಲೂ ಪರದೆ ಒಳಗೇ ಮಲಗಿಸಿ. ಅವಳಿಗೆ ಕಚ್ಚಿದ ಸೊಳ್ಳೆಯೇ ನಾಳೆ ಇನ್ನೊಬ್ಬರಿಗೆ ತರುವುದು. ಮುಖ್ಯವಾಗಿ, ಜ್ವರ ಬಿಟ್ಟಿತು ಅಂತ ನಿರಾಳವಾಗಬೇಡಿ. ಬಿಟ್ಟ ಮೇಲಿನ ಒಂದೆರಡು ದಿನವೇ ಕಷ್ಟದ್ದು. ಹೊಟ್ಟೆ ನೋವು, ಮತ್ತೆ ಮತ್ತೆ ವಾಂತಿ, ಒಸಡಲ್ಲಿ ರಕ್ತ, ಮಂಕು, ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ರಾತ್ರಿ ಎಷ್ಟು ಹೊತ್ತಾದರೂ ನನ್ನ ಕಾರಿದೆ.

ಮನೆ 14: ತುಂಬಾ ಉಪಕಾರ ಸರ್. 9ರ ಅಜ್ಜಿ ಒಬ್ಬರೇ ಇದ್ದಾರೆ. ಇಷ್ಟು ದಿನ ನಾನೇ ಊಟ ಕೊಡುತ್ತಿದ್ದೆ. ಇನ್ನು ಯಾರಾದರೂ ನೋಡಿಕೊಳ್ಳುತ್ತೀರಾ?

ಮನೆ 6: ಮಧ್ಯಾಹ್ನದ್ದು ನನಗೆ ಬಿಡಿ.

ಮನೆ 3: ರಾತ್ರಿಯದು ನಮ್ಮದು. ಬೇರೆ ಲೋಟ ತರುತ್ತೇನೆ, ಹೆದರಬೇಡಿ.

ಮನೆ 18: 31ನೇ ಮನೆಗೆ ಬೀಗ ಹಾಕಿದೆ, ಎರಡು ತಿಂಗಳಿಂದ ಯಾರೂ ಇಲ್ಲ. ಮೇಲಿನ ಟ್ಯಾಂಕಿಗೆ ಮುಚ್ಚಳ ಇಲ್ಲದಿರುವುದು ನಮ್ಮ ತಾರಸಿಯಿಂದ ಕಾಣುತ್ತೆ. ಬೀಗದ ಕೈ ಯಾರ ಹತ್ತಿರ ಇದೆ?

ಮನೆ 14: ಅಜ್ಜಿ ಹತ್ತಿರಾನೇ ಇದೆ.

ಮನೆ 6: ನಾಳೆ ಗಂಜಿ ಕೊಡಲು ಹೋದಾಗ ಇಸಕೊಂಡು ಬರುತ್ತೇನೆ.