ವಿಜಯಪುರ ಸೈನಿಕ ಶಾಲೆ: ಆರನೇತ್ತೆ ಪ್ರವೇಶಕ್ಕ ಏನೇನು ಬೇಕು?

ಜಮಖಂಡಿ ಪಾಲಕರು: ಮಗಳು ಕನ್ನಡ ಮಾಧ್ಯಮದಾಗ ಐದನೇತ್ತೆ. ಸೈನಿಕ ಶಾಲಿಗೆ ಹೆಣ್ಣುಮಕ್ಕಳನ್ನ ತಗೋತಾರೇನ್ರಿ? ಪರೀಕ್ಷೆ ಕನ್ನಡದಾಗ ಬರೀಬಹುದಾ?

ಉತ್ತರ 1: ತಗೋತಾರ್ರಿ, 2021-22ರಿಂದ. ಆರನೇತ್ತೆ ಪರೀಕ್ಷೆ ಕನ್ನಡದಾಗ ಬರೀಬಹುದು. ಒಂಬತ್ತನೇತ್ತೆಗೆ ಇಂಗ್ಲಿಷ್ ಒಂದೇ. ಮೊದಲು ವಯಸ್ಸು ನೋಡ್ರಿ: ಸೇರೋ ವರ್ಷದ ಮಾರ್ಚ್ 31ಕ್ಕ 10 ತುಂಬಿರಬೇಕು, 12 ದಾಟಿರಬಾರದು.

ಉತ್ತರ 2: ಒಟ್ಟು 300 ಅಂಕದಾಗ ಗಣಿತಕ್ಕೇ 150. ಅಂದ್ರ 50 ಪ್ರಶ್ನೆ, ತಲಾ 3 ಅಂಕ. ಭಾಷೆ, ಬುದ್ಧಿಶಕ್ತಿ, ಸಾಮಾನ್ಯ ಜ್ಞಾನ ಒಂದೊಂದರಾಗ 25 ಪ್ರಶ್ನೆ, 2 ಅಂಕದಂಗ. ವೇಳೆ 150 ನಿಮಿಷ. ತಪ್ಪು ಉತ್ತರಕ್ಕ ಅಂಕ ಕಳಿಯೂದಿಲ್ಲ, ಹಂಗಾಗಿ ಒಂದೂ ಖಾಲಿ ಬಿಡಬಾರದು.

ಜಾಣ ಮಕ್ಕಳೂ ಎಡವೋದು ಓಎಂಆರ್ ಹಾಳ್ಯಾಗ, ಅಂದ್ರ ಉತ್ತರದ ಗುಂಡಿ ತುಂಬೋ ಹಾಳ್ಯಾಗ. ಬಿಡಿಸಾಕ ಬರದ ಪ್ರಶ್ನೆ ಬಿಟ್ಟು ಮುಂದ ಹೋಗತಾರ, ಆದ್ರ ಗುಂಡಿ ಬಿಟ್ಟ ಸಾಲಿನಾಗೇ ತುಂಬತಾರ. ಅಲ್ಲಿಂದ ಕೆಳಗಿನವೆಲ್ಲಾ ತಪ್ಪು. ಬಾಲ್‌ಪೆನ್ ಇರೂದ್ರಿಂದ ಅಳಿಸಾಕೂ ಬರೂದಿಲ್ಲ. ಐದು ಪ್ರಶ್ನೆಗೊಮ್ಮೆ ನಂಬರ್ ತಾಳೆ ನೋಡೋ ರೂಢಿ ಈಗಿಂದನ ಹಾಕ್ರಿ.

ಜಮಖಂಡಿ ಪಾಲಕರು: ಶಾಲೆ ಹೆಂಗದ್ರಿ? ಕನ್ನಡದಾಗ ಓದಿದವರಿಗೆ ಕಷ್ಟ ಆಗತದೇನು?

ಉತ್ತರ 3: 1963ರ ಸೆಪ್ಟೆಂಬರ್ 16ಕ್ಕ ಶುರುವಾದ ಶಾಲೆ, ರಾಜ್ಯದಾಗ ಮೊದಲನೇದು. ಆವರಣನ 400 ಎಕರೆ ಮ್ಯಾಲದ. ಮಕ್ಕಳು ಇರೋ ನಿಲಯಗಳಿಗೆ ಆದಿಲ್‌ಶಾಹಿ, ಹೊಯ್ಸಳ, ರಾಷ್ಟ್ರಕೂಟ ಹಿಂಗ ಮನೆತನಗಳ ಹೆಸರು. ಈ ಊರಿಗೆ ಭಾಳ ಒಪ್ಪತಾವ. ಪಾಠ ಸಿಬಿಎಸ್‌ಇ, ಇಂಗ್ಲಿಷಿನಾಗ. ಮೊದಲ ವರ್ಷ ತ್ರಾಸ ಆಗೋದು ಅಲ್ಲೇ, ಗಣಿತದ ಇಂಗ್ಲಿಷ್ ಪದ ಮನ್ಯಾಗೇ ಕಲಿಸ್ರಿ. 67% ಸೀಟು ಕರ್ನಾಟಕದವರಿಗೆ, ಅದಕ್ಕ ವಾಸಸ್ಥಳ ಪ್ರಮಾಣಪತ್ರ ಮೊದಲೇ ಮಾಡಿಸಿ ಇಟ್ಟುಕೋರಿ.