ಊರ ಡೈರಿ ಸೆಕ್ರೆಟರಿಗೆ ಬಾಸ್ ಯಾರು?

ಪ್ರಶ್ನೆ: ಹಾಲಿನ ರೇಟ್ ಯಾಕೆ ಇಳೀತು ಅಂದ್ರೆ ಸೆಕ್ರೆಟರಿ ಒಕ್ಕೂಟದ ಕಡೆ ಕೈ ತೋರಿಸ್ತಾರೆ, ಒಕ್ಕೂಟದೋರು ಬೆಂಗಳೂರು ಅಂತಾರೆ. ಯಾರು ಯಾರ ಕೈಕೆಳಗೆ ಇರೋದು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ 1: ಮೂರು ಹಂತ ಸರ್, ಊರಲ್ಲಿ ಸಂಘ, ಆಮೇಲೆ ಜಿಲ್ಲಾ ಮಟ್ಟದ ಒಕ್ಕೂಟ, ಮೇಲೆ ಬೆಂಗಳೂರಲ್ಲಿರೋ ಕೆಎಂಎಫ್, ಅಂದ್ರೆ ಕರ್ನಾಟಕ ಹಾಲು ಮಹಾಮಂಡಳ. ಆದ್ರೆ ಕಂಪನಿ ಥರ ಅಲ್ಲ ಇದು, ಇಲ್ಲಿ ಮಾಲೀಕರು ಹಾಲು ಹಾಕೋ ರೈತರೇ, ಅವ್ರು ಸಂಘದ ಕಮಿಟಿ ಆರಿಸ್ತಾರೆ, ಸಂಘಗಳ ಡೆಲಿಗೇಟ್‌ಗಳು ಒಕ್ಕೂಟದ ಡೈರೆಕ್ಟರ್‌ಗಳನ್ನ ಆರಿಸ್ತಾರೆ. ರೈತರಿಗೆ ಕೊಡೋ ರೇಟ್ ತೀರ್ಮಾನ ಆಗೋದು ಒಕ್ಕೂಟದಲ್ಲೇ, ಅದಕ್ಕೇ ಪಕ್ಕದ ಜಿಲ್ಲೇಲಿ ಬೇರೆ ರೇಟ್ ಇರುತ್ತೆ. ನಂದಿನಿ ಪ್ಯಾಕೆಟ್ ರೇಟಿನ ಮಾತು ಬೇರೆ, ಅದು ಬೆಂಗಳೂರಿನ ಮಟ್ಟದ್ದು.

ಉತ್ತರ 2: ಪಾಪ ಸೆಕ್ರೆಟರಿಗೆ ಇಬ್ಬರು ಬಾಸ್. ಸಂಬಳ ಕೊಡೋದು ಕಮಿಟಿ, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಉಳಿದ ಗಟ್ಟಿ ಅಂಶ) ಕಮ್ಮಿ ಬಂತು ಅಂತ ಪ್ರಶ್ನೆ ಮಾಡೋದು ಒಕ್ಕೂಟ. ಕಮಿಟಿ ಮೆಂಬರ್ ಮನೆ ಹಾಲೇ ನೀರಾಗಿದ್ರೆ ವಾಪಸ್ ಕಳ್ಸೋಕೆ ಎಷ್ಟು ಧೈರ್ಯ ಬೇಕು ಹೇಳಿ! ಎಲ್ಲರೆದುರು ಮೆಷಿನ್ನಲ್ಲಿ ಟೆಸ್ಟ್ ಮಾಡಿ ಚೀಟಿ ಕೊಡೋ ಕಡೆ ಈ ಜಗಳ ಎಷ್ಟೋ ಕಮ್ಮಿ.

ಉತ್ತರ 3: ಸೆಕ್ರೆಟರಿನ ಬೈದು ಉಪಯೋಗ ಇಲ್ಲ ಅಣ್ಣ, ಒಕ್ಕೂಟಕ್ಕೆ ಡೆಲಿಗೇಟ್ ಆಗಿ ಯಾರನ್ನ ಕಳಿಸ್ತಿದೀರಿ ಅಂತ ವಾರ್ಷಿಕ ಮಹಾಸಭೇಲಿ ಎದ್ದು ನಿಂತು ಕೇಳಿ.